ಐದು ತಂತಿ ಮಾಸ್ತರ

ಒಂದು ಸೆಟ್ ಗಿಟಾರು ತಂತಿಗೆ ಮುನ್ನೂರೈವತ್ತು ರೂಪಾಯಿ. ಕಲಬುರಗಿಯ ಅಂಗಡಿಯವನು ಆರನ್ನೂ ಕೂಡಿಸಿಯೇ ಕೊಡುತ್ತಾನೆ, ಬಿಡಿ ತಂತಿ ಕೇಳಿದರೆ ಮುಖ ತಿರುಗಿಸುತ್ತಾನೆ. ಆಳಂದದಿಂದ ಜೇವರ್ಗಿಗೆ ಎರಡು ಬಸ್ಸು, ಮೇಲೆ ಗಿಟಾರಿಗೆ ಲಗೇಜು ಟಿಕೀಟು. ಅದೂ ಕಂಡಕ್ಟರ ಬೆಳಿಗ್ಗೆ ಯಾರ ಮುಖ ನೋಡಿ ಎದ್ದಿದ್ದಾನೆ ಎಂಬುದರ ಮೇಲೆ. ಮೂರು ತಿಂಗಳು ಕಲಿತು ಬಿಟ್ಟುಹೋಗುವ ಮಗುವಿನಿಂದ ಸವೆಯುವುದು ಮಾಸ್ತರನ ಗಂಟಲು, ಎರಡು ದಿನ ಬಿಸಿನೀರು ಕುಡಿದರೆ ಸರಿಹೋಗುತ್ತದೆ. ನಾಲ್ಕು ವರ್ಷ ಕಲಿತ ಮಗು ಬಿಟ್ಟುಹೋದರೆ ಸವೆಯುವುದೇನು ಎಂಬ ಲೆಕ್ಕ ಹಾಕುವ ಪ್ರಸಂಗ ಗಿಟಾರು ಮಾಸ್ತರ ಮುರ್ತುಜಾನಿಗೆ ಇಲ್ಲಿಯ ತನಕ ಬಂದಿರಲಿಲ್ಲ. ಹೋದ ಶನಿವಾರ ಬಂದಿತ್ತು. ಇವತ್ತು ಮತ್ತೆ ಶನಿವಾರ.

ಹೋದ ಶನಿವಾರ ಆದದ್ದು ಇಷ್ಟೇ: ಜೇವರ್ಗಿಯ ಕ್ಲಾಸಿನಲ್ಲಿ ನಾಲ್ಕು ವರ್ಷದ ಶಿಷ್ಯೆ ಇರಮಳ ಗಿಟಾರು ಕೈಗೆ ತಗೊಂಡಾಗ ಮೊದಲ ತಂತಿಯ ಕಚ್ಚಿನಲ್ಲಿ ಧೂಳು ಇರಲಿಲ್ಲ. ಗಿಟಾರಿನ ಕುತ್ತಿಗೆ ಮುಗಿಯುವಲ್ಲಿ ಬಿಳಿ ಎಲುಬಿನಂಥ ಒಂದು ಸಣ್ಣ ಪಟ್ಟಿ ಇರುತ್ತದೆ, ಅದರಲ್ಲಿ ತಂತಿಗೊಂದರಂತೆ ಆರು ಕಚ್ಚು. ಮುರ್ತುಜಾನ ಗಿಟಾರಿನಲ್ಲೂ ಅವನ ಶಿಷ್ಯರೆಲ್ಲರ ಗಿಟಾರಿನಲ್ಲೂ ಐದು ಕಚ್ಚಿನಲ್ಲಿ ತಂತಿ, ಉಳಿದೊಂದರಲ್ಲಿ ಧೂಳು. ಅದು ಅವನ ಪದ್ಧತಿ. ಹೊಸ ಗಿಟಾರು ಹೊತ್ತುಕೊಂಡು ಬಂದ ಮಗುವನ್ನು ಕೂಡಿಸಿಕೊಂಡು, ತಾಯಿ ತಂದೆಯ ಎದುರಿಗೇ, ಎಲ್ಲಕ್ಕಿಂತ ಸಣ್ಣದಾದ ಮೊದಲ ತಂತಿಯನ್ನು ತನ್ನ ಕೈಯಾರೆ ಬಿಚ್ಚುತ್ತಿದ್ದ. ಅದನ್ನು ಬಳೆಯಂತೆ ಸುತ್ತಿ, ಪೇಪರಿನ ತುಂಡಿನಲ್ಲಿ ಮಡಚಿ, ಮೇಲೆ ಹೆಸರು ಬರೆದು, ನೀಲಿ ಬಿಸ್ಕೀಟು ಡಬ್ಬಿಯಲ್ಲಿ ಹಾಕುತ್ತಿದ್ದ. "ಮೊದಲನೇ ತಂತಿ ಬಾಯಿಬಡಕ ತಂತಿರಿ. ಜಾಝ್ ಅನ್ನೋದು ಒಳಗಿನ ತಂತಿ ಮ್ಯಾಲ ಇರ್ತದ. ಕೈ ಕೂಡಿದ ದಿನ ಇದನ್ನ ನಾನೇ ವಾಪಸ್ ಕೊಡ್ತೇನಿ." ಪಾಲಕರಿಗೆ ಇದು ಹಿಡಿಸುತ್ತಿತ್ತು. ಮಾಸ್ತರ ಖಡಕ್ ಇದ್ದಾನೆ ಅನ್ನಿಸುತ್ತಿತ್ತು. ಹನ್ನೊಂದು ವರ್ಷದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಊರು ಸೇರಿ ಮೂವತ್ತೆಂಟು ಮಕ್ಕಳು. ನಾಲ್ಕು ಸಿನಿಮಾ ಹಾಡು ಬಂದ ಕೂಡಲೇ ಬಿಟ್ಟುಹೋದವರೇ ಹೆಚ್ಚು. ತಂತಿ ವಾಪಸ್ ಕೇಳಿದವರು ಒಬ್ಬರೂ ಇಲ್ಲ.

ಇರಮಳ ಕಚ್ಚಿನಲ್ಲಿ ಧೂಳಿರಲಿಲ್ಲ ಮಾತ್ರವಲ್ಲ, ಒಳಗೆ ಕೂದಲಿನಷ್ಟು ತೆಳ್ಳಗೆ ಒಂದು ಕಪ್ಪು ಗೆರೆಯಿತ್ತು. ಅಂದರೆ ಅಲ್ಲಿ ತಂತಿ ಕೂತಿತ್ತು. ಕೂತು, ಕ್ಲಾಸಿಗೆ ಬರುವ ಮುಂಚೆ ಎದ್ದು ಹೋಗಿತ್ತು. ಅವನು ಗಿಟಾರು ವಾಪಸ್ ಕೊಟ್ಟ. ಹೊರಡುವಾಗ ಹುಡುಗಿ ಚಪ್ಪಲಿ ಮೆಟ್ಟುತ್ತ, ಅವನ ಕಡೆ ನೋಡದೆ ಕೇಳಿದ್ದಳು: "ಸರ್, ನನ್ನ ತಂತಿ ಮುಂದಿನ ವಾರ ಕೊಡ್ತೀರೇನ್ರಿ?"

ಯಾರು ಹೇಳಿಕೊಟ್ಟರು? ಸೋಮವಾರ ಆಳಂದದ ಕ್ಲಾಸಿನಲ್ಲಿ, ಬುಧವಾರ ಅಫಜಲಪುರದಲ್ಲಿ, ಮಕ್ಕಳ ಬೆರಳು ತಪ್ಪಿದಾಗ ತಿದ್ದುತ್ತ, ಒಳಗೊಳಗೆ ಅವನು ಇದೊಂದನ್ನೇ ಕೆದಕುತ್ತಿದ್ದ. ಜೇವರ್ಗಿಯಲ್ಲಿ ಹೋದ ವರ್ಷ ಶಾಂತಕುಮಾರ ಎಂಬವನು ಬೋರ್ಡು ಹಾಕಿದ್ದ: ಕೀಬೋರ್ಡು, ಗಿಟಾರು, ಆರು ತಿಂಗಳಿಗೆ ಸರ್ಟಿಫಿಕೇಟು. ಅವನ ಅಂಗಿ ಇಸ್ತ್ರಿ ತಪ್ಪುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೈ ಮುಗಿದು, "ನಿಮ್ಮಂಥ ಸೀನಿಯರ್ ಇದ್ದೀರಂತ ನಮಗ ಧೈರ್ಯ ನೋಡ್ರಿ ಸರ್," ಅಂದಿದ್ದ. ಅಷ್ಟು ಬಾಗುವವನು ಬಗಲಲ್ಲಿ ಏನನ್ನೋ ಮುಚ್ಚಿಟ್ಟುಕೊಂಡೇ ಬಾಗುತ್ತಾನೆ ಎಂದು ಮುರ್ತುಜಾನಿಗೆ ಆವತ್ತೇ ಅನ್ನಿಸಿತ್ತು.

ಬೆಳಿಗ್ಗೆ ಹೊರಡುವ ಮುಂಚೆ ಕಪಾಟಿನ ಮೇಲಿಂದ ಡಬ್ಬಿ ಇಳಿಸಿದ. ಅದು ಇಟ್ಟ ಕಡೆ ಇರಲಿಲ್ಲ, ನಾಲ್ಕು ಬೆರಳು ಎಡಕ್ಕೆ ಸರಿದಿತ್ತು.

"ಆಪಾ, ಡಬ್ಬಿ ಮುಟ್ಟಿದ್ದೇನು?"

ಒಲೆಯ ಮುಂದಿದ್ದ ಅಕ್ಕ ಖಾಸೀಂಬಿ ರೊಟ್ಟಿಯಿಂದ ಕಣ್ಣೆತ್ತಲಿಲ್ಲ. "ಕಸಾ ಹೊಡದೆ. ಯಾಕ, ಅದ್ರಾಗ ಬಂಗಾರ ಇಟ್ಟೀಯೇನು?"

"ಮುಟ್ಟಬ್ಯಾಡ ಅಂತ ಹೇಳೇನಿ."

"ಮುಟ್ಟಲೇನು, ಅಲ್ಲಾಡ್ಸಿದ್ರೂ ಸಪ್ಪಳ ಬರಂಗಿಲ್ಲ. ಅಷ್ಟು ಚೀಟಿ ಒಳಗ ಬರೇ ಗಾಳಿ ಕಟ್ಟಿಟ್ಟೀದಿ. ನಂಗ ಕಿವಿ ಕೇಳಸಂಗಿಲ್ಲ ಅಂತ ತಿಳ್ಕೊಂಡೀಯೇನು, ಮಾಸ್ತರ?"

ಅವನು ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡ. ಗಾಳಿ ಎಂಬ ಮಾತು ಸುಳ್ಳಲ್ಲ. ಅವನ ಗಿಟಾರಿನ ಎರಡನೆಯ ತಂತಿ ಬಿಸಿಲಿಗೆ, ಬಸ್ಸಿನ ಕುಲುಕಿಗೆ ಎರಡು ತಿಂಗಳಿಗೊಮ್ಮೆ ಕಡಿಯುತ್ತಿತ್ತು. ಒಂದಕ್ಕಾಗಿ ಆರು ಕೊಳ್ಳಬೇಕಲ್ಲ ಎಂದು ಮೊದಲ ಸಲ ಡಬ್ಬಿಯ ಒಂದು ಚೀಟಿ ಬಿಚ್ಚಿದಾಗ, ಆ ಹುಡುಗ ಕ್ಲಾಸು ಬಿಟ್ಟು ವರ್ಷವಾಗಿತ್ತು. ಬಿಟ್ಟವನ ತಂತಿ, ತಪ್ಪೇನು? ಮೊದಲ ತಂತಿಯನ್ನು ಎರಡನೆಯ ಜಾಗಕ್ಕೆ ಕಟ್ಟಿದರೆ ಸ್ವಲ್ಪ ಸಡಿಲ ಅನ್ನಿಸುತ್ತದೆ, ಆದರೆ ನಡೆಯುತ್ತದೆ. ಬಿಟ್ಟವರ ತಂತಿಗಳು ತೀರಿದ ಮೇಲೆ ಬಿಡಬಹುದು ಅನ್ನಿಸಿದವರದು. ಆಮೇಲೆ ಯಾವುದು ಕೈಗೆ ಬಂತೋ ಅದು. ತಂತಿ ತೆಗೆದ ಮೇಲೂ ಚೀಟಿಯನ್ನು ಹಾಗೇ ಮಡಚಿ, ಹೆಸರು ಮೇಲೆ ಬರುವಂತೆ ಇಡುತ್ತಿದ್ದ. ಇರಮಳ ಚೀಟಿ ಖಾಲಿಯೋ ತುಂಬಿದೆಯೋ? ಎಂಟು ದಿನದಿಂದ ಬೆರಳಿಂದ ಒತ್ತಿ ನೋಡಿದರೆ ಗೊತ್ತಾಗುತ್ತಿತ್ತು. ಅವನು ಒತ್ತಿ ನೋಡಿರಲಿಲ್ಲ.

ಬಸ್ಸಿನಲ್ಲಿ ಗಿಟಾರನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತ. ಕಂಡಕ್ಟರ ಬಂದು, "ಇದಕ್ಕೊಂದು ಟಿಕೀಟ್ ತಗೋಬೇಕಾಗ್ತದ್ರಿ. ಹೆಣ್ಮಗಳಂತ ಹೇಳಿದ್ರ ಮಾತ್ರ ಫ್ರೀ," ಅಂದ. ಸುತ್ತಲಿನವರು ನಕ್ಕರು. ಮುರ್ತುಜಾನೂ ನಕ್ಕು, ನಗುತ್ತಲೇ ಯಾರು ಹೆಚ್ಚು ನಗುತ್ತಿದ್ದಾರೆ ಎಂದು ನೋಡಿದ. ಹಿಂದೆ ಪುಣೆಯ ಹೋಟೆಲಿನಲ್ಲಿದ್ದಾಗಲೂ ಹೀಗೇ ನೋಡುತ್ತಿದ್ದ. ಊಟದ ಟೇಬಲುಗಳ ಆಚೆ, ಸಣ್ಣ ಕಟ್ಟೆಯ ಮೇಲೆ ಮೂವರ ಬ್ಯಾಂಡು. ಗೋವಾದ ಬ್ಯಾಂಡ್ ಮಾಸ್ತರ, ಡ್ರಮ್ಮಿಗೆ ಸೋಲಾಪುರದ ದಶರಥ, ಮೂಲೆಯಲ್ಲಿ ಇವನು. ಪಾತ್ರೆ ತೊಳೆಯಲು ಸೇರಿದವನು ಕಟ್ಟೆ ಹತ್ತಿದ್ದು ಹೇಗೆಂದು ಅಡುಗೆಮನೆಯವರಿಗೆ ಸಂಶಯ, ಇಳಿಯುವುದು ಯಾವಾಗ ಎಂದು ಅವನಿಗೆ. ಹದಿನಾಲ್ಕು ವರ್ಷ ಆರು ತಂತಿಯ ಮೇಲೆ ನುಡಿಸಿದ. ಒಂದು ಸ್ವರಕ್ಕೆ ನಾಲ್ಕು ದಾರಿ ಇರುತ್ತವೆ, ಯಾವುದನ್ನು ಹಿಡಿದರೂ ದಶರಥ ಹಿಂದಿನಿಂದ ಡ್ರಮ್ಮಿನ ಮೇಲೆ ಬ್ರಶ್ಶು ಎಳೆಯುತ್ತ ಬಂದು ಕೂಡಿಕೊಳ್ಳುತ್ತಿದ್ದ. ಆಮೇಲೆ ಒಂದು ಮದುವೆಯ ಕಾರ್ಯಕ್ರಮ ಮುಗಿಸಿ ಸಾಮಾನು ಹೇರುವಾಗ ವ್ಯಾನಿನ ಬಾಗಿಲಲ್ಲಿ ಎಡಗೈ ತೋರುಬೆರಳು ಸಿಕ್ಕಿತು. ಬುಡದ ಗೆಣ್ಣು ಒಡೆದು, ಕೂಡುವಾಗ ಡೊಂಕಾಗಿ ಕೂಡಿತು. ಆ ಬೆರಳನ್ನು ಆರೂ ತಂತಿಯ ಮೇಲೆ ಅಡ್ಡ ಮಲಗಿಸಿ ಒತ್ತಬೇಕು. ಗಿಟಾರಿನ ಅರ್ಧ ವಿದ್ಯೆ ಅದೇ. ಡೊಂಕು ಬೆರಳು ಐದರ ಮೇಲೆ ಕೂಡುತ್ತದೆ. ಬುಡದ ಕೆಳಗೆ ಬರುವ ಮೊದಲ ತಂತಿ ಮಾತ್ರ ಸರಿಯಾಗಿ ಒತ್ತದೆ ಗರ್ರೆನ್ನುತ್ತದೆ. ಬಾಗಿಲು ಹಾಕಿದವರು ಯಾರೆಂದು ಎಲ್ಲರೂ ಕೇಳಿದಾಗ ಅವನು ರಕ್ತದ ಕೈ ಹಿಡಿದುಕೊಂಡು, "ಯಾರೋ ಹಾಕಿದರು," ಎಂದು ದಶರಥನನ್ನು ನೋಡಿದ್ದ. ನೋಡಿದ್ದಷ್ಟೇ. ದಶರಥ ಆಮೇಲೆ ಎರಡು ಸಲ ಆಳಂದಕ್ಕೆ ಫೋನು ಮಾಡಿದ. ಇವನು ಎತ್ತಲಿಲ್ಲ.

ಬಸ್ಸು ಕಟ್ಟಿಸಂಗಾವಿಯ ಬ್ರಿಜ್ಜು ದಾಟುವಾಗ ಕೆಳಗೆ ಭೀಮಾ ನದಿಯಲ್ಲಿ ನೀರಿಗಿಂತ ಮರಳೇ ಹೆಚ್ಚು ಕಾಣುತ್ತಿತ್ತು. ಅವನು ಲೆಕ್ಕ ಹಾಕುತ್ತಿದ್ದ. ಉಳಿದ ಮೂವತ್ತೇಳು ಮಕ್ಕಳಿಗೆ ಕಲಿಸಿದ್ದು ಹೊಟ್ಟೆಗೆ. ಇವಳೊಬ್ಬಳು, ಹಲವು ತಂತಿಯ ಸ್ವರ ಒಂದೇ ಏಟಿಗೆ ಕೂಡುವ ಕಾರ್ಡು ಹಿಡಿದು ತೋರಿಸಿದ ಕೂಡಲೇ, "ಇಲ್ಲಿಂದ ಎಲ್ಲಿಗೆ ಹೋಗಬಹುದ್ರಿ?" ಎಂದು ಕೇಳುವವಳು. ಹದಿಮೂರರ ವಯಸ್ಸಿಗೆ ಬಂದು, ಈಗ ಹದಿನೇಳು. ಅವನು ಹೋಟೆಲಿನ ಕಟ್ಟೆಯ ಮೇಲೆ ಕಲಿತದ್ದೆಲ್ಲ ಈ ಮೂರು ತಾಲೂಕಿನಲ್ಲಿ ಇನ್ನೊಬ್ಬರ ಕೈಯಲ್ಲಿ ಇದೆಯೆಂದರೆ ಅದು ಆ ಒಂದು ಕೈ. ಆ ಕೈಯನ್ನು ಇಸ್ತ್ರಿ ಅಂಗಿಯವನು ತಿರುವಿದ್ದರೆ?

ಬಸ್ ಸ್ಟ್ಯಾಂಡಿನಿಂದ ಕ್ಲಾಸಿಗೆ ನೇರ ದಾರಿ ಇತ್ತು. ಅವನು ಸುತ್ತು ಹಾಕಿ ಚಾಂದಪಾಶಾನ ಗ್ಯಾರೇಜಿನ ಮುಂದೆ ಹಾಯ್ದ. ಇರಮಳ ತಂದೆ ಚಾಂದಪಾಶಾ ಬೈಕೊಂದನ್ನು ಮಗ್ಗುಲಿಗೆ ಮಲಗಿಸಿಕೊಂಡು ಕೂತಿದ್ದವನು ಎದ್ದೇ ಬಿಟ್ಟ.

"ಅರೇ ಸರ್! ಈ ಕಡಿ ಹ್ಯಾಂಗ? ಬರ್ರಿ, ಕೂಡ್ರಿ, ಚಹಾ ಹೇಳ್ತೇನಿ."

"ಬ್ಯಾಡ, ಟೈಮ್ ಆಗ್ಯದ."

"ನಿಮ್ಮ ಹೆಸರ್ ಬಿಟ್ರ ಮನ್ಯಾಗ ಬ್ಯಾರೆ ಹೆಸರಿಲ್ರಿ. ಸರ್ ಹಿಂಗಂದ್ರು, ಸರ್ ಹಂಗಂದ್ರು. ನಾ ಅಂತೀನಿ, ಸರ್ ನಿಂಗ ಪಿಯುಸಿ ಪಾಸ್ ಮಾಡ್ಸಂಗಿಲ್ಲವಾ ಅಂತ." ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸುತ್ತ ಧ್ವನಿ ಇಳಿಸಿದ. "ಒಂದು ಮಾತು ಕೇಳಬೇಕಿತ್ರಿ... ಇರ್ಲಿ ಬಿಡ್ರಿ. ಅಕಿನೇ ಕೇಳ್ತೇನಂದಾಳ. ನಾ ನಡು ಬಾಯಿ ಹಾಕಿದ್ರ ಬೈತಾಳ."

ಹಾಗಾದರೆ ಮನೆಯಲ್ಲಿ ಮಾತಾಗಿದೆ. ಅಪ್ಪನಿಗೂ ಗೊತ್ತಿದೆ. ಈ ಚಹಾ, ಈ ನಗು, ಎಲ್ಲ ಬಿಡುವವರ ಮರ್ಯಾದೆ. ಮುರ್ತುಜಾ, "ಕೇಳ್ಲಿ, ಕೇಳ್ಲಿ," ಎಂದು ನಡೆದ. ಬೆನ್ನ ಹಿಂದೆ ಅವನು ನಿಂತು ನೋಡುತ್ತಿರಬಹುದು ಅನ್ನಿಸಿ ತಿರುಗಿದರೆ, ಚಾಂದಪಾಶಾ ಆಗಲೇ ಬೈಕಿನ ಹೊಟ್ಟೆಯಲ್ಲಿ ಕೈ ಹಾಕಿದ್ದ.

ಕ್ಲಾಸು ನಡೆಯುತ್ತಿದ್ದದ್ದು ಹಳೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಟೈಪ್ ಕಲಿಯುವವರು ನಿಂತು ಎಷ್ಟೋ ವರ್ಷವಾಗಿ, ಮಶೀನುಗಳು ಗವಸು ಹಾಕಿಕೊಂಡು ಗೋಡೆಗುಂಟ ಕೂತಿದ್ದವು. ಒಡತಿ ಭುವನೇಶ್ವರಿ ಶನಿವಾರಕ್ಕೊಮ್ಮೆ ಬೀಗ ತೆಗೆದು ಕೆಳಗೆ ಮೆಟ್ಟಿಲ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಸೊಪ್ಪು ಸೋಸುತ್ತಿದ್ದಳು.

"ಅಕ್ಕಾ, ಆ ಶಾಂತಕುಮಾರನ ಕ್ಲಾಸಿಗೆ ನಮ್ಮ ಹುಡುಗ್ರು ಯಾರರ ಹೋಗ್ತಾರೇನ್ರಿ? ಇರಮ ಪಿರಮ?"

ಭುವನೇಶ್ವರಿ ಸೊಪ್ಪು ಸೋಸುವುದು ನಿಲ್ಲಿಸಿದಳು. "ಬಾಗಲಾ ಕಾಯೂದು ನನ್ನ ಕೆಲಸರಿ ಮಾಸ್ತರ. ಬೀದಿ ಕಾಯೂದಲ್ಲ. ಅಷ್ಟು ಅನುಮಾನ ಇದ್ರ ಆ ಹುಡುಗೀನ್ನೇ ಕೇಳ್ರಿ, ಅದು ಸುಳ್ಳು ಹೇಳಿದ್ದು ನಾ ಕಂಡಿಲ್ಲ."

ಎಲ್ಲರೂ ಒಂದೇ ಕಡೆ ಸೇರಿದ್ದಾರೆ ಅನ್ನಿಸಿತು.

ಹನ್ನೆರಡಕ್ಕೆ ಸಣ್ಣ ಮಕ್ಕಳು ಎದ್ದುಹೋದವು. ಇರಮಳ ಪಾಠ ಕಡೆಯದು. ಅವಳು ಗಿಟಾರನ್ನು ಗೋಡೆಗೆ ಆನಿಸಿ, ಚೀಲವನ್ನು ಪಕ್ಕಕ್ಕಿಟ್ಟು, ನೀರಿನ ಬಾಟಲಿ ತುಂಬಿಕೊಳ್ಳಲು ಕೆಳಗೆ ಹೋದಳು. ಮುರ್ತುಜಾ ಎಣಿಸಿದ: ಮೆಟ್ಟಿಲು ಇಪ್ಪತ್ತು, ನಳದಲ್ಲಿ ಈ ಹೊತ್ತಿಗೆ ನೀರು ಸಣ್ಣಗೆ ಬರುತ್ತದೆ. ಅವನು ಎದ್ದು ಗಿಟಾರಿನ ಕಚ್ಚಿಗೆ ಕಣ್ಣಿಟ್ಟ. ಕಪ್ಪು ಗೆರೆ ಮತ್ತಷ್ಟು ದಪ್ಪವಾಗಿತ್ತು. ಮೂಗು ಹತ್ತಿರ ತಂದ. ಎಂಥದೋ ಎಣ್ಣೆಯ ವಾಸನೆ. ಯಾವ ತಂತಿಯೂ ಹೀಗೆ ನಾರುವುದಿಲ್ಲ. ಚೀಲದ ಹೊರಜೇಬಿಗೆ ಕೈ ಹಾಕುವಾಗ, ಐವತ್ತೆಂಟು ವರ್ಷದ ಮನುಷ್ಯ ಒಂದು ಹೆಣ್ಣುಮಗುವಿನ ಚೀಲದಲ್ಲಿ ಕೈ ಹಾಕುತ್ತಿದ್ದಾನೆ ಎಂದು ಅವನೊಳಗೆ ಯಾರೋ ಅಂದರು. ಕೈ ಆದರೂ ಹೋಯಿತು. ಬೆರಳಿಗೆ ಸಿಕ್ಕದ್ದು ಒಂದು ಗಟ್ಟಿ ತಂತಿಯ ಸುರುಳಿ, ಒಂದು ತುದಿಗೆ ಕಬ್ಬಿಣದ ಸಣ್ಣ ವಾಶರ್ ಗಂಟು ಹಾಕಿತ್ತು.

"ಅದು ಕ್ಲಚ್ ವಾಯರ್ ರಿ, ಸರ್."

ಇರಮ ಬಾಗಿಲಲ್ಲಿ ನಿಂತಿದ್ದಳು. ಬಾಟಲಿ ಅರ್ಧವೂ ತುಂಬಿರಲಿಲ್ಲ. ಅವನ ಮೂಗಿನ ತುದಿಗೆ ಗ್ರೀಸು ಹತ್ತಿತ್ತು ಎಂಬುದು ಅವನಿಗೆ ಗೊತ್ತಾದದ್ದು ಅವಳು ಅಲ್ಲಿ ನೋಡಿ ಕಣ್ಣು ತಗ್ಗಿಸಿದಾಗ.

"ಯಾರು ಕಲಿಸಿದ್ರು ಇದನ್ನ?" ತಪ್ಪು ಮಾಡಿದವನ ಧ್ವನಿ ಯಾವಾಗಲೂ ಜೋರು. "ಶಾಂತಕುಮಾರನೇನು? ಅಂವಗ ಎಷ್ಟು ಕೊಡ್ತೀರಿ?"

"ಯಾರೂ ಇಲ್ರಿ. ಅಬ್ಬಾನ ಗ್ಯಾರೇಜಿನ್ಯಾಗ ಹಳೇ ಕ್ಲಚ್ ವಾಯರ್ ಬಿಚ್ಚಿ ಒಂದು ಎಳಿ ತಗೊಂಡೆ. ವಾಶರ್ ಅಬ್ಬಾ ಕಟ್ಟಿಕೊಟ್ರು."

"ಯಾಕ?"

ಅವಳು ಬಾಟಲಿಯ ಮುಚ್ಚಳ ತಿರುವಿ ಬಿಗಿ ಮಾಡಿದಳು. "ನೀವು ಹಿಡಿಯೋ ಎಲ್ಲಾ ಕಾರ್ಡಿನ್ಯಾಗೂ ಒಂದು ತೂತು ಇರ್ತದ್ರಿ ಸರ್. ಮ್ಯಾಲಿನ ಕಡಿ. ನಾಕು ವರ್ಷದಿಂದ ಅದು ಜಾಝ್ ಅಂತ ತಿಳ್ಕೊಂಡಿದ್ದೆ. ಆಮ್ಯಾಲ ಆ ತೂತಿನ್ಯಾಗ ಏನದ ನೋಡಬೇಕನ್ನಿಸ್ತು. ಶುಕ್ರವಾರ ಬಿಚ್ಚಿಡ್ತಿದ್ದೆ, ನಿಮಗ ಕೆಟ್ಟ ಅನ್ನಿಸಬಾರದಂತ."

"ಏನಿತ್ತು?"

"ಸ್ವರ ಇತ್ರಿ. ಆದ್ರ ವಾಯರ್ ಅಲ್ರಿ, ಕಿರ್ರ್ ಅಂತದ. ಖರೇ ತಂತಿ ಹಾಕಿ ಕೇಳಬೇಕು. ನನ್ನದು ಕೊಡ್ರಿ. ಕೈ ಕೂಡೇದೋ ಇಲ್ಲೋ ನೀವೇ ನೋಡಿ ಹೇಳ್ರಿ."

ಇಷ್ಟು ಸರಳ ಇರಲು ಸಾಧ್ಯವಿಲ್ಲ ಎಂದು ಅವನ ಮನಸ್ಸು ಇನ್ನೂ ಹುಡುಕುತ್ತಿತ್ತು. ಅವಳ ಮುಖದಲ್ಲಿ ಏನೂ ಸಿಗಲಿಲ್ಲ. ಡಬ್ಬಿ ತೆಗೆದು ಚೀಟಿಗಳಲ್ಲಿ ಅವಳ ಹೆಸರು ಹುಡುಕಿ ಕೊಟ್ಟ. ಕೊಡುವಾಗ ಬೆರಳಿಗೆ ಗೊತ್ತಾಯಿತು. ಅವಳು ಪೇಪರನ್ನು ಹರಿಯದಂತೆ ಒಂದೊಂದೇ ಮಡಿಕೆ ಬಿಡಿಸಿದಳು, ಒಳಗೆ ನೋಡಿದಳು, ತಿರುವಿ ನೋಡಿದಳು.

"ಖಾಲಿ ಅದರಿ, ಸರ್."

"ಯಾರೋ ತಗದಾರ," ಅಂದ ಮುರ್ತುಜಾ. ಮಾತು ಅವನಾಗಿ ಆಡಿದ್ದಲ್ಲ, ತಾನಾಗಿ ಬಂತು. ಬಂದು ಇಬ್ಬರ ನಡುವೆ ನಿಂತಿತು.

ಇರಮ ಕತ್ತೆತ್ತಿದಳು. ಅವನ ಕೈಯಲ್ಲಿ ಇನ್ನೂ ಅವಳ ಚೀಲದಿಂದ ತೆಗೆದ ವಾಯರಿತ್ತು. "ನಾನು ತಗೊಂಡೇನಿ ಅಂತೀರೇನ್ರಿ?"

ಸುಮ್ಮನಿದ್ದರೆ ಸಾಕಿತ್ತು. ಹುಡುಗಿ ಅತ್ತು ಹೋಗುತ್ತಿದ್ದಳು, ಅಪ್ಪ ಬಂದು ಕೈ ಮುಗಿಯುತ್ತಿದ್ದ, ತೂತಿನ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಉಳಿದ ಮಕ್ಕಳು ಐದು ತಂತಿಯ ಮೇಲೆ ಇನ್ನಷ್ಟು ವರ್ಷ ಸಿನಿಮಾ ಹಾಡು ನುಡಿಸುತ್ತಿದ್ದವು. ಅವಳು ನೋಡುತ್ತಿದ್ದ ಆ ನೋಟವನ್ನು ಅವನು ಮೊದಲೂ ಕಂಡಿದ್ದ. ವ್ಯಾನಿನ ಹಿಂದಿನ ದೀಪದ ಕೆಂಪಿನಲ್ಲಿ ದಶರಥ ಹೀಗೇ ನಿಂತಿದ್ದ, ಎರಡೂ ಕೈಯಲ್ಲಿ ಡ್ರಮ್ಮು ಹಿಡಿದುಕೊಂಡು. ಎರಡೂ ಕೈಯಲ್ಲಿ. ಇಪ್ಪತ್ತು ವರ್ಷದಲ್ಲಿ ಎಷ್ಟು ಸಲ ನೆನೆಸಿಕೊಂಡರೂ ದಶರಥನ ಕೈಗಳ ಹತ್ತಿರ ಬಂದಾಗ ಅವನು ನೆನಪಿನ ದಾರಿ ತಪ್ಪಿಸುತ್ತಿದ್ದ. ತಾನೇ ಬಲಗೈಯಿಂದ ಬಾಗಿಲು ದಬ್ಬಿದ್ದ, ಎಡಗೈ ಎಲ್ಲಿದೆ ಎಂದು ನೋಡದೆ, ಯಾರು ಬಕ್ಷೀಸಿನ ಕವರು ತಗೊಂಡರು ಎಂದು ಆ ಕಡೆ ನೋಡುತ್ತ.

ಅವನು ತನ್ನ ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡ. ಎರಡನೆಯ ತಂತಿ ಬಿಗಿಯುವ ಕಿವಿಯನ್ನು ಹಿಂದಕ್ಕೆ ತಿರುವತೊಡಗಿದ. ತಂತಿ ಸಡಿಲಾಗುತ್ತ ದನಿ ಇಳಿಯುತ್ತ ಹೋಗಿ ಕೊನೆಗೆ ಸಪ್ಪಳವೇ ಇಲ್ಲದಾಯಿತು.

"ಇದ ನಿಂದು. ಕಡೀಕ ಬಿಚ್ಚಿದ ಚೀಟಿ ನಿಂದೇ ಇತ್ತು. ನಾನೇ ತಗೊಂಡೆ. ನಿಂದೊಂದೇ ಅಲ್ಲ."

ಅವಳು ತಂತಿಯನ್ನು ಕೈಗೆ ತಗೊಂಡು, ಬೆಳಕಿಗೆ ಹಿಡಿದು, ಓಢಣಿಯ ತುದಿಯಿಂದ ಒರೆಸಿದಳು. ಬೈದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ತನ್ನ ಗಿಟಾರಿಗೆ ಕಟ್ಟಿದಳು. ಒಮ್ಮೆ ಬಳಸಿ ಬಿಚ್ಚಿದ ತಂತಿ ಬಿಗಿಯುವಾಗ ಕಡಿಯುವುದೇ ಹೆಚ್ಚು. ಅವಳು ಕಿವಿ ತಿರುವುತ್ತಿದ್ದಷ್ಟು ಹೊತ್ತೂ ಅವನು ಉಸಿರು ಹಿಡಿದಿದ್ದ. ಕಡಿಯಲಿ ಎಂದು ಹಿಡಿದಿದ್ದನೋ ಕಡಿಯದಿರಲಿ ಎಂದೋ ಅವನಿಗೇ ಸ್ಪಷ್ಟವಿರಲಿಲ್ಲ. ಕಡಿಯಲಿಲ್ಲ. ಅವಳು ತೋರುಬೆರಳನ್ನು ಆರೂ ತಂತಿಯ ಮೇಲೆ ಮಲಗಿಸಿ, ಅವನು ಕಲಿಸಿದ ನಾಲ್ಕು ಕಾರ್ಡುಗಳನ್ನೇ, ಅವನು ಕಲಿಸಿದ ನಿಧಾನದಲ್ಲೇ ಹಿಡಿದಳು. ಗವಸು ಹಾಕಿದ ಮಶೀನುಗಳ ನಡುವೆ ಆ ಮೇಲಿನ ಸ್ವರ ಎದ್ದು ನಿಂತಿತು. ಪುಣೆ ಬಿಟ್ಟ ಮೇಲೆ ಅವನು ಅದನ್ನು ಕೇಳಿರಲಿಲ್ಲ. ನಾಲ್ಕನೆಯ ಕಾರ್ಡಿನಿಂದ ಅವಳು ಅವನು ತೋರಿಸದ ಕಡೆಗೆ ಹೋದಳು, ಅವನ ಕಿವಿ ಹಿಂದೆ ಹಿಂದೆ ಹೋಯಿತು.

"ನೀವು ನುಡಸ್ರಿ ಸರ್," ಎಂದು ಗಿಟಾರು ಚಾಚಿದಳು.

ಅವನು ತಗೊಂಡ. ಬೆರಳಿಟ್ಟ. ಐದು ತಂತಿ ಮಾತಾಡಿದವು, ಮೊದಲನೆಯದು ಗರ್ರೆಂದಿತು. ಮತ್ತೊಮ್ಮೆ ಇಟ್ಟ. ಗರ್ರ್. ಆಗ ಡೊಂಕು ಬೆರಳನ್ನು ಅವಳ ಮುಂದೆ ಹಿಡಿದ. ಸೊಪ್ಪಿನ ಬುಟ್ಟಿ ಹಿಡಿದುಕೊಂಡು ಭುವನೇಶ್ವರಿ ಯಾವಾಗಲೋ ಮೇಲೆ ಬಂದು ಬಾಗಿಲಲ್ಲಿ ನಿಂತಿದ್ದಳು; ಅವಳೂ ನೋಡಿದಳು.

"ಇದಕ್ಕರಿ, ತಂತಿ ಬಿಚ್ಚೋ ಪದ್ಧತಿ," ಅಂದ, ಇಬ್ಬರಲ್ಲಿ ಯಾರಿಗೆಂದು ಗೊತ್ತಾಗದಂತೆ. "ಬ್ಯಾರೆ ಏನೂ ಇಲ್ಲ."

ಇರಮ ಬೆರಳನ್ನು ನೋಡಿದಳು, ಆಮೇಲೆ ಅವನ ಗಿಟಾರನ್ನು. "ಮೊದಲ ಹೇಳಿದ್ರ ನಾವು ನಗ್ತಿದ್ವೇನ್ರಿ?"

"ನಗ್ತಾರಂತ ನಾ ತಿಳ್ಕೊಂಡಿದ್ದೆ."

"ಮಕ್ಕಳು ಬ್ಯಾರೆದಕ್ಕ ನಗ್ತಾರ್ರಿ," ಅಂದಳು ಭುವನೇಶ್ವರಿ. "ಮೂಗಿಗೆ ಗ್ರೀಸ್ ಹತ್ತೇದ, ಒರಸ್ಕೋರಿ."

ಇರಮ ಬಂದ ನಗುವನ್ನು ತಡೆದುಕೊಂಡಳು. ಒರೆಸಿಕೊಂಡು ಅವನು ಹೇಳಬೇಕಾದದ್ದನ್ನು ಹೇಳಿದ: ಇನ್ನು ಮುಂದಿನದಕ್ಕೆ ಪೂರ್ತಿ ಕೈ ಇದ್ದವರು ಬೇಕು, ಕಲಬುರಗಿಯಲ್ಲಿ ಚರ್ಚಿನ ಹಿಂದೆ ಒಬ್ಬರಿದ್ದಾರೆ, ನಾನೇ ಫೋನು ಮಾಡುತ್ತೇನೆ, ಅಬ್ಬಾನಿಗೆ ಹೇಳು. ಅವಳು ಎದ್ದಳು. ಖಾಲಿ ಚೀಟಿಯನ್ನು ಮೊದಲಿದ್ದಂತೆ ಮಡಚಿ ಚೀಲದಲ್ಲಿ ಹಾಕಿಕೊಂಡಳು. ಕ್ಲಚ್ ವಾಯರನ್ನು ಅವನ ಕೈಯಲ್ಲೇ ಬಿಟ್ಟಳು.

ಅವಳು ಮೆಟ್ಟಿಲು ಇಳಿದ ಮೇಲೆ ಅವನು ಕಿಟಕಿಗೆ ಹೋಗಿ ನಿಂತ. ಎಡಕ್ಕೆ ಹೋದರೆ ಗ್ಯಾರೇಜು, ಬಲಕ್ಕೆ ಹೋದರೆ ಶಾಂತಕುಮಾರನ ಬೋರ್ಡು. ಎಡಕ್ಕೆ ಹೋದಳು. ತಿರುವಿನಲ್ಲಿ ಮರೆಯಾದ ಮೇಲೂ ಅವನು ಇನ್ನೂ ಸ್ವಲ್ಪ ಹೊತ್ತು ನೋಡಿದ.

ಮುಂದಿನ ಶನಿವಾರ ಇರಮ ಬರಲಿಲ್ಲ, ಆಮೇಲೂ ಬರಲಿಲ್ಲ. ಕಲಬುರಗಿಗೆ ಹೋಗುತ್ತಿದ್ದಾಳೆ ಎಂದು ಚಾಂದಪಾಶಾ ಚಹಾ ಕೊಟ್ಟು ಹೇಳಿದ. ತನ್ನಲ್ಲಿ ಕಲಿಯುತ್ತಿದ್ದ ಉಳಿದ ಹದಿನಾರು ಮಕ್ಕಳಿಗೂ ಮುರ್ತುಜಾ ಮೊದಲ ತಂತಿ ಕೊಟ್ಟ. ಡಬ್ಬಿಯಲ್ಲಿ ಉಳಿದದ್ದು ಏಳು, ಇನ್ನೊಂಬತ್ತಕ್ಕೆ ಒಂಬತ್ತು ಸೆಟ್ಟು ಕೊಂಡು ತಂದ. ಬೆರಳನ್ನೂ ತೋರಿಸಿದ. ಐವರು ಬಿಟ್ಟರು. ದಶರಥನಿಗೆಂದು ಸೋಲಾಪುರಕ್ಕೆ ಫೋನು ಮಾಡಿದ. ಆ ನಂಬರು ಈಗ ಬೇರೆ ಯಾರದೋ ಆಗಿತ್ತು. ಅವನಿಗೆ ಹೋದದ್ದು ಒಬ್ಬ ಶಿಷ್ಯೆ, ಐದು ಮಕ್ಕಳ ಫೀಜು, ಇಪ್ಪತ್ತು ವರ್ಷದ ಹಿಂದಿನ ಒಬ್ಬ ಗೆಳೆಯ. ಸಿಕ್ಕಿದ್ದು ನಾಲ್ಕು ಕಾರ್ಡು, ಪೂರ್ತಿ, ಒಂದು ಸಲ. ತಂತಿ ಬಿಚ್ಚಿಕೊಟ್ಟ ಆ ಶನಿವಾರ ಅವನು ಆಳಂದಕ್ಕೆ ವಾಪಸ್ ಹೋಗುವಾಗ ಇರಮಳ ಗಿಟಾರಿನಲ್ಲಿ ಆರು ತಂತಿ ಇದ್ದವು, ಅವನದರಲ್ಲಿ ನಾಲ್ಕು.